ಲೇಡಿ ಪೆಪ್ಪರ್ ಸೀವುಡ್ಸ್‌ಗೆ ಹೊರಟದ್ದು

ಕಳವಾ ಸ್ಟೇಷನ್ ಹತ್ತಿರದ ಆ ಚಾಳಿನವರು ಈ ಗಂಡಹೆಂಡಿರ ಬಗ್ಗೆ ಒಂದು ಮಾತು ಹೇಳುತ್ತಿದ್ದರು. ಹರಿಶ್ಚಂದ್ರ ಯಾವ ಕುದುರೆ ಗೆಲ್ಲುತ್ತದೆ ಎನ್ನುತ್ತಾರೋ, ಅದು ಭೂಮಿಯ ಯಾವ ಮೂಲೆಯಲ್ಲಿದ್ದರೂ ಆ ಕ್ಷಣವೇ ಅದರ ಕಾಲು ಉಳುಕುತ್ತದೆ. ಹೆಂಡತಿ ಬಾಗಿ ಯಾವುದಕ್ಕೆ ಬಾಯ್ತುಂಬ ಬಯ್ಯುತ್ತಾರೋ ಅದು ಹಾರ ಹಾಕಿಸಿಕೊಂಡು ಬರುತ್ತದೆ. ಇನ್ನೊಂದು ಮಾತೂ ಇತ್ತು. ಮನೆಯೊಳಗೆ ತುಳು ಮಾತಾಡುವ ಇವರು ಜಗಳಕ್ಕೆ ಮಾತ್ರ ಕನ್ನಡ ಹಿಡಿಯುವುದು ಪಕ್ಕದ ಖೋಲಿಯ ಶಿವಪುತ್ರಪ್ಪನಿಗೆ ಅರ್ಥವಾಗಲಿ ಅಂತ. ಸಾಕ್ಷಿಯಿಲ್ಲದ ಜಗಳ ಇಬ್ಬರಿಗೂ ರುಚಿಸುತ್ತಿರಲಿಲ್ಲ.

ಆ ಶನಿವಾರ ಸಂಜೆ ಖೋಲಿಯ ತುಂಬ ಗಂಟುಮೂಟೆ. ಮರುದಿನ ಬೆಳಿಗ್ಗೆ ಮಗ ದಯಾನಂದ ಟೆಂಪೋ ತಂದು ಅಪ್ಪ ಅಮ್ಮನನ್ನು ಸೀವುಡ್ಸ್‌ನ ತನ್ನ ಫ್ಲ್ಯಾಟಿಗೆ ಕರೆದೊಯ್ಯುವವನಿದ್ದ. ರೈಲ್ವೆ ಕಾರ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದ ಶಿವಪುತ್ರಪ್ಪ ಡ್ಯೂಟಿ ಮುಗಿಸಿ ಬಂದು ಹೊಸ್ತಿಲ ಕಟ್ಟೆಯ ಮೇಲೆ ಕುಳಿತ. ಮಹಾಮಳೆಯ ವರ್ಷ ಒಳಗೆ ನೀರು ನುಗ್ಗಿದ ಮೇಲೆ ಬಾಗಿಲಿಗೆ ಅಡ್ಡವಾಗಿ ಮೊಣಕಾಲೆತ್ತರಕ್ಕೆ ಕಟ್ಟಿಸಿದ ಸಿಮೆಂಟಿನ ಕಟ್ಟೆ ಅದು. ಅವನು ಕೂರುವಷ್ಟರಲ್ಲಿ ಒಳಗೆ ಜಗಳ ಅರ್ಧ ದಾರಿ ದಾಟಿತ್ತು.

ಹರಿಶ್ಚಂದ್ರ: ಸುತ್ತು ಬಳಸಿ ಹೇಳಬೇಡ ಬಾಗಿ. ನನ್ನ ಕುದುರೆಗಳು ಎಲ್ಲಿ?

ಬಾಗಿ: ಸುತ್ತಿಯೇ ಇಟ್ಟಿದ್ದೇನೆ. ಉಪ್ಪಿನಕಾಯಿ ಭರಣಿಗೆ.

ಹರಿಶ್ಚಂದ್ರ: ಅದು ಇವತ್ತಿನ ರೇಸಿನ ಹಾಳೆ ಮಾರಾಯ್ತಿ. ಸೈಬರ್ ಕೆಫೆಯವನ ಹತ್ತಿರ ಗೋಗರೆದು ಪ್ರಿಂಟ್ ತೆಗೆಸಿದ್ದು. ಇಂಗ್ಲೆಂಡಿನ ಬೇಲಿ ಹಾರುವ ಕುದುರೆಗಳ ಇಡೀ ಜಾತಕ ಅದರಲ್ಲಿ ಉಂಟು.

ಬಾಗಿ: ಇರಲಿ. ಭರಣಿಯ ಹೊಟ್ಟೆಯ ಸುತ್ತ ಆರಾಮಾಗಿ ಓಡಿಕೊಂಡಿರ್ತವೆ. ಟೆಂಪೋದಲ್ಲಿ ಕುಲುಕಿ ಭರಣಿ ಒಡೆದರೆ ನಿಮ್ಮ ಕುದುರೆ ಬಂದು ಮಿಡಿ ಹಾಕಿ ಕೊಡ್ತದಾ?

ಶಿವಪುತ್ರಪ್ಪ: ಕೊಟ್ಟಬಿಡ್ರಿ ವೈನಿ. ಭರಣಿಗೆ ನಮ್ಮ ಮನ್ಯಾಗಿನ ಮರಾಠಿ ಪೇಪರ್ ತಂದುಕೊಡ್ತೀನಿ. ಉಪ್ಪಿನಕಾಯಿಗೆ ಭಾಷಾದ ಹಂಗಿಲ್ಲ.

ಹರಿಶ್ಚಂದ್ರ: ಮರಾಠಿಯೂ ಬೇಡ, ಇಂಗ್ಲಿಷೂ ಬೇಡ. ಭರಣಿ ಎಲ್ಲಿಗೂ ಹೋಗುವುದಿಲ್ಲ.

ಮಂಚದ ಕಾಲಿಗೆ ಹಗ್ಗ ಬಿಗಿಯುತ್ತಿದ್ದ ಬಾಗಿಯ ಕೈ ನಿಂತಿತು.

ಬಾಗಿ: ಎಂತ ಹೇಳಿದ್ದು?

ಹರಿಶ್ಚಂದ್ರ: ನಾನು ಬರುವುದಿಲ್ಲ ಅಂತ ಹೇಳಿದ್ದು.

ಬಾಗಿ: ಚೌತಿಯ ದಿನ ಮಗನ ಎದುರು ಆಯ್ತು ಅಂದದ್ದು ಯಾರು ಹಾಗಾದ್ರೆ? ಗಣಪತಿಯಾ?

ಹರಿಶ್ಚಂದ್ರ: ಆಗ ಬಾಯಲ್ಲಿ ಮೋದಕ ಇತ್ತು. ನಾನು ತಲೆ ಆಡಿಸಿದ್ದು ಮೋದಕಕ್ಕೆ.

ಶಿವಪುತ್ರಪ್ಪ: ಅಲ್ಲ ಅಣ್ಣಾರ, ಯಾಕ ಒಲ್ಲೆ ಅಂತೀರಿ? ಮಗ ಚಲೋ, ಸೊಸಿ ಪ್ರಣೀತಾ ಚಲೋ. ಲಿಫ್ಟ್ ಐತಿ, ಗಾಳಿ ಐತಿ.

ಹರಿಶ್ಚಂದ್ರ: ಹದಿನಾಲ್ಕನೇ ಮಾಳಿಗೆ ಶಿವಪುತ್ರಣ್ಣ. ಬಾಗಿಲು ಹಾಕಿಕೊಂಡರೆ ಎದುರು ಮನೆಯವ ಇದ್ದಾನೋ ಇಲ್ಲವೋ ಗೊತ್ತಾಗುವುದಿಲ್ಲ. ಹೋದ ಸಲ ಲಿಫ್ಟಿನಲ್ಲಿ ಒಬ್ಬರು ಸಿಕ್ಕಿದರು. ನೆಲ ಕೆಸರಾದರೆ ಬೂದು ಕುದುರೆಯನ್ನು ಹಿಡಿಯುವವರಿಲ್ಲ ಅಂತ ಒಂದು ಮಾತು ಹೇಳಿದೆ. ಏಳನೇ ಮಾಳಿಗೆಯಲ್ಲೇ ಇಳಿದುಬಿಟ್ಟರು.

ಬಾಗಿ: ಅವರ ಮನೆ ಏಳರಲ್ಲಿ.

ಹರಿಶ್ಚಂದ್ರ: ಮತ್ತೆ ಇಳಿದವರು ಮೆಟ್ಟಿಲು ಹತ್ತಿ ಮೇಲೆ ಹೋದದ್ದು ಎಂತಕ್ಕೆ? ನನಗೆ ಕಾಲಿನ ಸದ್ದು ಕೇಳಿತು.

ಇದ್ದ ವಿಷಯ ಅದೇ. ಹರಿಶ್ಚಂದ್ರ ಆಯುಷ್ಯವೆಲ್ಲ ಮಹಾಲಕ್ಷ್ಮಿಯ ರೇಸ್‌ಕೋರ್ಸಿನ ಹತ್ತಿರದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ರೇಸಿಗೆ ಹೋಗುವವರು ಇಡ್ಲಿ ತಿನ್ನುತ್ತ ಆಡಿದ ಮಾತೆಲ್ಲ ಚಿಲ್ಲರೆಯ ಜೊತೆಗೆ ಅವರ ಗಲ್ಲಾಕ್ಕೆ ಬಿದ್ದಿತ್ತು. ಒಮ್ಮೆಯೂ ರೇಸ್‌ಕೋರ್ಸಿನ ಒಳಗೆ ಕಾಲಿಟ್ಟವರಲ್ಲ, ಒಂದು ಕಾಸೂ ಕಟ್ಟಿದವರಲ್ಲ. ಅವರಿಗೆ ಬೇಕಾದದ್ದು ಗೆಲುವಲ್ಲ, ಗೆಲುವಿಗೆ ಮೊದಲಿನ ಮಾತು. ಕೆಲಸ ಬಿಟ್ಟ ಮೇಲೆ ಕೇಬಲ್ಲಿನಲ್ಲಿ ಇಂಗ್ಲೆಂಡಿನ ಬೇಲಿ ಹಾರುವ ರೇಸು ಕಣ್ಣಿಗೆ ಬಿತ್ತು. ಬರೀ ಓಡುವುದನ್ನು ನೋಡಲಿಕ್ಕೆ ಕಳವಾ ಸ್ಟೇಷನ್ ಸಾಕು, ಇಲ್ಲಿ ನೋಡಿ ಬೇಲಿ ಉಂಟು, ಹೊಂಡ ಉಂಟು, ಕೆಸರು ಉಂಟು ಎಂದು ಅಂದಿನಿಂದ ಪ್ರತಿ ಶನಿವಾರ ಈ ಕಟ್ಟೆಯ ಮೇಲೆ ಕುಳಿತು ಭವಿಷ್ಯ ನುಡಿದರು. ಚಾಳಿನವರು ಬಂದು ಕೇಳುತ್ತಿದ್ದರು, ನಗುತ್ತಿದ್ದರು, ಅವರು ಹೇಳಿದ ಕುದುರೆ ಸೋತಾಗ ವಾರವಿಡೀ ಚುಡಾಯಿಸುತ್ತಿದ್ದರು. ಸೀವುಡ್ಸ್‌ನಲ್ಲಿ ಚುಡಾಯಿಸುವವರು ಯಾರು?

ಬಾಗಿ: ನಿಮಗೆ ಮಾತಿಗೆ ಜನ ಬೇಕು. ನನಗೆ ನಲ್ಲಿ ತಿರುಗಿಸಿದರೆ ನೀರು ಬರಬೇಕು. ಕುದುರೆ ಹಾರುವುದನ್ನು ಟೀವಿಯಲ್ಲಿ ನೋಡ್ತೀರಲ್ಲ, ಈ ಕಟ್ಟೆ ದಿನಾ ಯಾರು ಹಾರುವುದು? ಈ ಕೈಯಲ್ಲಿ ಒಂದು ಕೊಡ, ಆ ಕೈಯಲ್ಲಿ ಒಂದು ಕೊಡ. ಒಂದು ದಿನ ನನ್ನ ಹೆಸರು ಹೇಳಿದ್ದುಂಟಾ ನೀವು?

ಹರಿಶ್ಚಂದ್ರ: ಆಯ್ತು. ನಾನೂ ಹೇಳುವುದು ಬೇಡ, ನೀನೂ ಹೇಳುವುದು ಬೇಡ. ಇವತ್ತಿನ ರೇಸು ಹೇಳಲಿ. ನನ್ನದೊಂದು ಕುದುರೆ, ನಿನ್ನದೊಂದು. ನನ್ನದು ಮುಂದೆ ಬಂದರೆ ನಾಳೆ ಟೆಂಪೋ ಖಾಲಿ ವಾಪಸ್. ನಿನ್ನದು ಬಂದರೆ ನಾನೇ ಮಂಚ ಹೊರುತ್ತೇನೆ.

ಬಾಗಿ: ಒಪ್ಪಿದೆ.

ಅಷ್ಟು ಬೇಗ ಒಪ್ಪಿದ್ದು ಹರಿಶ್ಚಂದ್ರರಿಗೆ ಸರಿ ಕಾಣಲಿಲ್ಲ.

ಹರಿಶ್ಚಂದ್ರ: ಸ್ವಲ್ಪ ಯೋಚನೆ ಮಾಡು.

ಬಾಗಿ: ಎಂತ ಯೋಚನೆ? ನೀವು ಹೇಳಿದ ಕುದುರೆ ಇಷ್ಟು ವರ್ಷದಲ್ಲಿ ಒಮ್ಮೆ ಗೆದ್ದದ್ದುಂಟಾ? ನೀವು ಹೆಸರು ಹೇಳಿ, ನಾನು ಉಳಿದ ಪಾತ್ರೆ ಕಟ್ಟುತ್ತೇನೆ.

ಶಿವಪುತ್ರಪ್ಪ: ಅಂಪೈರ್ ನಾನs ಆಗ್ತೀನಿ. ಮತ್ತ ಆಮ್ಯಾಲೆ ಇಬ್ಬರೂ ನನ್ನ ಮ್ಯಾಲೆ ಬರಬಾರದ.

ಭರಣಿಯಿಂದ ಹಾಳೆ ಬಿಚ್ಚಿದ್ದಾಯಿತು. ಟೀವಿಯನ್ನು ಹಳೆಯ ಚಾದರದಲ್ಲಿ ಗಂಟು ಕಟ್ಟಿಟ್ಟಿದ್ದರು. ಪೂರ್ತಿ ಬಿಚ್ಚಲು ಬಾಗಿ ಬಿಡಲಿಲ್ಲ. ಮುಸುಕು ಸರಿಸಿದ ಮದುಮಗಳ ಹಾಗೆ ಮುಖವಷ್ಟೇ ತೋರಿಸಿ ಕೇಬಲ್ ಸಿಕ್ಕಿಸಿದರು. ಇಲ್ಲಿ ದೀಪ ಹಚ್ಚುವ ಹೊತ್ತು, ಅಲ್ಲಿ ಮಧ್ಯಾಹ್ನ. ಮಂಜು ಮುಸುಕಿದ ಹಸಿರು ಬಯಲಿನಲ್ಲಿ ಕುದುರೆಗಳು ಮೆರವಣಿಗೆ ಹೊರಟಿದ್ದವು. ಹರಿಶ್ಚಂದ್ರ ಹಾಳೆಯನ್ನು ಬೆಳಕಿಗೆ ಹಿಡಿದು, ಹೋಟೆಲಿನಲ್ಲಿ ಆರ್ಡರ್ ಕೂಗುವ ಸ್ವರ ತೆಗೆದರು.

ಹರಿಶ್ಚಂದ್ರ: ಒಂದನೆಯದು ಕರ್ನಲ್ ಬಟನ್. ಕಂದು ಬಣ್ಣ, ಎತ್ತರದ ಆಳು. ಮೊದಲ ನಾಲ್ಕು ಬೇಲಿ ಹಕ್ಕಿಯ ಹಾಗೆ ಹಾರ್ತಾನೆ. ಐದನೆಯದಕ್ಕೆ ದಮ್ಮು ಕಟ್ಟುತ್ತದೆ.

ಶಿವಪುತ್ರಪ್ಪ: ಪಿಕಪ್ ಚಲೋ ಐತಿ, ಬ್ರೇಕ್ ಇಲ್ಲ. ಇಂಥಾ ಲೋಕಲ್ ಗಾಡಿ ರೇಕ್ ನಮ್ಮ ಶೆಡ್ಡಿಗೆ ಬಂದ್ರ ಯಾವನೂ ಮುಟ್ಟಂಗಿಲ್ಲ.

ಹರಿಶ್ಚಂದ್ರ: ಎರಡನೆಯದು ಟಿನ್ ಟ್ರಂಪೆಟ್. ಇವನಿಗೆ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ.

ಬಾಗಿ: ಕಣ್ಣು ಕಟ್ಟಿ ಬೇಲಿ ಹಾರಲಿಕ್ಕೆ ಬಿಡುವವರಿಗೆ ಮನೆಯಲ್ಲಿ ಮಕ್ಕಳುಮರಿ ಇಲ್ವಾ?

ಹರಿಶ್ಚಂದ್ರ: ಪೂರ್ತಿ ಅಲ್ಲ ಮಾರಾಯ್ತಿ, ಎರಡು ಬದಿಗೆ ಮಾತ್ರ. ಅಕ್ಕಪಕ್ಕದವರನ್ನು ನೋಡಿಕೊಂಡು ಕೆಲಸ ಮರೆಯಬಾರದು ಅಂತ.

ಬಾಗಿ: ಅದನ್ನು ನಿಮಗೂ ಒಂದು ತರಿಸಬೇಕಿತ್ತು.

ಹರಿಶ್ಚಂದ್ರ: ಮೂರನೆಯದು ಗ್ರೇ ಪಾರ್ಸನ್. ಇದು ನನ್ನದು. ಬೂದು ಬಣ್ಣ, ಪ್ರಾಯ ಆಗಿದೆ, ಅನುಭವ ಉಂಟು. ಅವಸರ ಇಲ್ಲ. ಕೆಸರು ಕಂಡರೆ ಅವನಿಗೆ ತವರುಮನೆ. ನಮ್ಮ ಹೋಟೆಲಿಗೆ ಬರುತ್ತಿದ್ದ ಪಾರ್ಸಿ ಬಾವಾ ಒಬ್ಬರು ಹೇಳುತ್ತಿದ್ದರು, ಮುದಿ ಕುದುರೆ ಬೇಲಿಯನ್ನು ಕಾಲಿನಿಂದಲ್ಲ, ತಲೆಯಿಂದ ಹಾರುತ್ತದೆ ಅಂತ.

ಬಾಗಿ: ತಲೆಯಿಂದ ಹಾರಿದರೆ ತಲೆಯೇ ಮೊದಲು ನೆಲಕ್ಕೆ. ಮೋರೆ ನೋಡಿ ಅದರದ್ದು, ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತ ಹಾಗೆ. ಸೋಮಾರಿ. ತಿಂದದ್ದು ದಂಡ. ಆ ಹೊಟ್ಟೆ ಬೇಲಿಯ ಈಚೆ ಒಮ್ಮೆ, ಆಚೆ ಒಮ್ಮೆ ಎರಡು ಕಂತಿನಲ್ಲಿ ದಾಟಬೇಕು.

ಶಿವಪುತ್ರಪ್ಪ: ವೈನಿ, ಸಾಕ್ರಿ. ನೀವು ಬೈದ್ರ ಅದು ಗೆಲ್ತೈತಿ ಅಂತ ಚಾಳಿನ್ಯಾಗ ಮಾತೈತಿ.

ಬಾಗಿ: ಈ ಹಾಳೆಯಲ್ಲಿ ಎಣ್ಣೆಯ ಕಲೆ ಬಿದ್ದಲ್ಲಿ ಯಾರ ಹೆಸರುಂಟು?

ಹರಿಶ್ಚಂದ್ರ: ಅದನ್ನು ಬಿಡು. ಲೇಡಿ ಪೆಪ್ಪರ್. ಇಡೀ ರೇಸಿನಲ್ಲಿ ಹೆಣ್ಣು ಅದೊಂದೇ.

ಬಾಗಿ: ಪೆಪ್ಪರ್ ಅಂದರೆ ಒಳ್ಳೆಮೆಣಸಲ್ಲವಾ? ಯಾಕೆ ಬಿಡಬೇಕು?

ಹರಿಶ್ಚಂದ್ರ: ಹಗ್ಗ ಎಳೆದರೆ ಕೇಳುವುದಿಲ್ಲ. ಹೋದ ಸಲ ಬೇಲಿ ಹಾರಿತು, ಸವಾರ ಈಚೆ ಉಳಿದ.

ಬಾಗಿ: ಅದೇ ನನ್ನದು.

ಹರಿಶ್ಚಂದ್ರ: ಬಾಗಿ, ನಾನು ಹೇಳಿದ್ದು ನಿನಗೆ ಅರ್ಥ ಆಗಲಿಲ್ಲ.

ಬಾಗಿ: ಚೆನ್ನಾಗಿ ಆಯಿತು. ಅಂಪೈರ್, ಬರೆದುಕೊಳ್ಳಿ.

ಶಿವಪುತ್ರಪ್ಪ: ಬರಿಯೂದು ಏನೈತ್ರಿ, ಬಾಯಿಲೆ ಆತು. ಯಾರ ಕುದುರಿ ಮುಂದ ಮುಟ್ಟತೈತಿ, ಅವರ ಮಾತು ನಡೀತೈತಿ.

ರೇಸು ಹೊರಟಿತು. ಕಾಮೆಂಟರಿ ಹೇಳುವವನ ಇಂಗ್ಲಿಷು ಕುದುರೆಗಿಂತ ವೇಗವಾಗಿ ಓಡುತ್ತಿತ್ತು; ಹರಿಶ್ಚಂದ್ರ ಅದನ್ನು ಕನ್ನಡಕ್ಕೆ ತರುವಷ್ಟರಲ್ಲಿ ಎರಡು ಬೇಲಿ ದಾಟಿ ಹೋಗಿತ್ತು. ಮೂರನೆಯ ಬೇಲಿಯ ಹತ್ತಿರ ಲೇಡಿ ಪೆಪ್ಪರ್ ಒಮ್ಮೆ ಕಿವಿ ಹಿಂದಕ್ಕೆ ಮಾಡಿತು, ಹಾರಿತು. ಸವಾರ ಬೇಲಿಯ ಈಚೆ ಗಿಡದ ಬುಡದಲ್ಲಿ ಕುಳಿತಿದ್ದ, ಯಾರೋ ಕೂರಿಸಿ ಹೋದ ಹಾಗೆ.

ಹರಿಶ್ಚಂದ್ರ: ಮುಗಿಯಿತು. ನಿನ್ನದು ಔಟ್. ಮಂಚದ ಹಗ್ಗ ಬಿಚ್ಚು.

ಬಾಗಿ: ಎಂತ ಔಟ್? ಓಡ್ತಾ ಉಂಟಲ್ಲ.

ಓಡುತ್ತಲೇ ಇತ್ತು. ಬೆನ್ನು ಹಗುರಾದದ್ದೇ ತಡ, ಕರ್ನಲ್ ಬಟನ್ನನ್ನು ಹಿಂದೆ ಹಾಕಿತು, ಟಿನ್ ಟ್ರಂಪೆಟ್ಟನ್ನು ಹಿಂದೆ ಹಾಕಿತು. ಯಾರೂ ಹೇಳದೆ, ಯಾರೂ ಹೊಡೆಯದೆ ಒಂದೊಂದು ಬೇಲಿಯನ್ನೂ ಹುಡುಕಿಕೊಂಡು ಹೋಗಿ ಹಾರಿತು. ಹಿಂದಿನಿಂದ ಗ್ರೇ ಪಾರ್ಸನ್ ಕೆಸರು ಎರಚುತ್ತ, ಸವಾರನನ್ನು ಹೊತ್ತು, ಕೂಲಿಯವನ ಹಾಗೆ ತಲೆ ತಗ್ಗಿಸಿ ಬರುತ್ತಿತ್ತು. ಕಡೆಯ ಬೇಲಿಯಲ್ಲಿ ಕರ್ನಲ್ ಮುಗ್ಗರಿಸಿದ. ಲೇಡಿ ಪೆಪ್ಪರ್ ಎಲ್ಲರಿಗಿಂತ ಮೊದಲು ಗೆರೆ ದಾಟಿ, ಪಕ್ಕದ ಹುಲ್ಲಿಗೆ ಬಾಯಿ ಹಾಕಿತು. ಅದರ ಹಿಂದೆಯೇ ಪಾರ್ಸನ್ ಬಂದ. ಹರಿಶ್ಚಂದ್ರ ಹೆಸರು ಹೇಳಿದ ಕುದುರೆ ಜೀವಮಾನದಲ್ಲಿ ಮೊದಲ ಸಲ ಗೆದ್ದಿತ್ತು, ಅದನ್ನು ನೋಡಿದವರು ಯಾರೂ ಇರಲಿಲ್ಲ. ಮೂವರ ಕಣ್ಣೂ ಹುಲ್ಲು ಮೇಯುವವಳ ಮೇಲಿತ್ತು.

ಬಾಗಿ: ಮಂಚ ಹೊರಲಿಕ್ಕೆ ಸೊಂಟಕ್ಕೆ ಟವೆಲ್ ಕಟ್ಟಿಕೊಳ್ಳಿ.

ಹರಿಶ್ಚಂದ್ರ: ಎಂತಕ್ಕೆ? ಗೆದ್ದದ್ದು ನನ್ನದು. ನೋಡು, ಹೆಸರು ಬರ್ತಾ ಉಂಟು ಅಲ್ಲಿ. ಸವಾರ ಇಲ್ಲದ ಕುದುರೆ ಲೆಕ್ಕಕ್ಕಿಲ್ಲ.

ಬಾಗಿ: ಬೇಲಿ ಹಾರಿದ್ದು ಯಾರು?

ಹರಿಶ್ಚಂದ್ರ: ಕುದುರೆ.

ಬಾಗಿ: ಕೆಸರಲ್ಲಿ ಓಡಿದ್ದು ಯಾರು?

ಹರಿಶ್ಚಂದ್ರ: ಕುದುರೆ. ಆದರೆ ಮೇಲೆ ಕೂತವ ದಾರಿ ತೋರಿಸಬೇಕು.

ಬಾಗಿ: ಅವನನ್ನು ಇಳಿಸಿದ ಮೇಲೆ ಅದಕ್ಕೆ ದಾರಿ ತಪ್ಪಿತಾ? ಅವ ಕೂತು ಎಂತ ಮಾಡ್ತಿದ್ದ ಗೊತ್ತುಂಟಾ? ಈ ಬೇಲಿ ಹೀಗೆ, ಆ ಬೇಲಿ ಹಾಗೆ ಅಂತ ಮೇಲಿನಿಂದ ಭವಿಷ್ಯ ಹೇಳ್ತಿದ್ದ.

ಹರಿಶ್ಚಂದ್ರ: ಶಿವಪುತ್ರಣ್ಣ, ನೀವು ಹೇಳಿ.

ಶಿವಪುತ್ರಪ್ಪ ಇಬ್ಬರ ಮುಖವನ್ನೂ ನೋಡಿದ. ಕಟ್ಟೆಯ ಮೇಲಿಂದ ಹೊರಗೆ ಓಡಿಹೋಗಲು ಒಂದೇ ಹೆಜ್ಜೆ, ಆದರೆ ಅಂಪೈರ್ ಆಗಿದ್ದ.

ಶಿವಪುತ್ರಪ್ಪ: ವೈನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಶೆಡ್ಡಿಂದ ಮೋಟರ್‌ಮನ್ ಇಲ್ಲದ ಒಂದು ರೇಕ್ ಉರುಳಕೋತ ಕಲ್ಯಾಣಕ್ಕ ಮುಟ್ಟಿತು ಅಂತ ತಿಳೀರಿ. ಅದನ್ನ ಗಾಡಿ ಬಂತು ಅನ್ನಂಗಿಲ್ಲ. ಲೆಕ್ಕದಾಗ ಅದು ಬಂದಂಗs ಅಲ್ಲ.

ಬಾಗಿ: ಕಲ್ಯಾಣ ಮುಟ್ಟಿತಾ ಇಲ್ವಾ?

ಶಿವಪುತ್ರಪ್ಪ: ಮುಟ್ಟಿತ್ರಿ.

ಬಾಗಿ: ಅಷ್ಟೇ ನನಗೆ ಬೇಕಾದ್ದು. ಲೆಕ್ಕ ನೀವಿಬ್ಬರೇ ಇಟ್ಟುಕೊಳ್ಳಿ. ಇವರು ಗೆದ್ದಿದ್ದಾರೆ, ಇವರು ಇಲ್ಲಿರಲಿ. ಲೆಕ್ಕಕ್ಕಿಲ್ಲದ ಕುದುರೆ ನಾಳೆ ಸೀವುಡ್ಸ್‌ಗೆ ಹೋಗ್ತದೆ.

ಬಿಚ್ಚಿದ ಟೀವಿಯ ಮುಸುಕನ್ನು ಬಾಗಿ ಮತ್ತೆ ಕಟ್ಟಲಿಲ್ಲ. ಅದು ಗೆದ್ದವರ ಪಾಲಿಗೆ ಹೋಯಿತು. ಜೊತೆಗೆ ಒಂದು ಕುರ್ಚಿ, ಒಂದು ಬಟ್ಟಲು, ಒಂದು ಲೋಟ.

ಬೆಳಿಗ್ಗೆ ಟೆಂಪೋ ಗಲ್ಲಿಯ ಬಾಯಿಗೆ ಬಂದು ನಿಂತಿತು. ಮಂಚ ಹೋಯಿತು, ಕಪಾಟು ಹೋಯಿತು, ಹಾಸಿಗೆಯ ಸುರುಳಿ ಹೋಯಿತು. ಹರಿಶ್ಚಂದ್ರ ಕುರ್ಚಿ ಬಿಟ್ಟು ಏಳದ್ದನ್ನು ನೋಡಿ ದಯಾನಂದ ತಾಯಿಯ ಕಡೆ ತಿರುಗಿದ.

ದಯಾನಂದ: ಪಪ್ಪಾ ನಹೀ ಆ ರಹೇ ಕ್ಯಾ?

ಬಾಗಿ: ಅವರು ರೇಸು ಗೆದ್ದಿದ್ದಾರೆ ಮಗ. ಉಪದ್ರ ಮಾಡಬೇಡ, ಸುಸ್ತಾಗಿದೆ ಅವರಿಗೆ.

ದಯಾನಂದನಿಗೆ ಏನೂ ತಿಳಿಯಲಿಲ್ಲ. ಚಿಕ್ಕಂದಿನಿಂದ ಆ ಮನೆಯಲ್ಲಿ ಬೆಳೆದವನಾದ್ದರಿಂದ ಕೇಳಲೂ ಇಲ್ಲ. ಟೆಂಪೋದ ಕಡೆ ನಡೆದ. ಅವನ ಹಿಂದೆ ಬಾಗಿ ಕಟ್ಟೆ ದಾಟಿ ಹೋದರು. ಖಾಲಿ ಖೋಲಿಯಲ್ಲಿ ಹರಿಶ್ಚಂದ್ರ ಗಂಟಲು ಸರಿಮಾಡಿಕೊಂಡರು. ಕೇಳುವವನು ಇದ್ದ, ಶಿವಪುತ್ರಪ್ಪ ಕಟ್ಟೆಯ ಮೇಲೆ ತನ್ನ ಜಾಗದಲ್ಲಿ ಕುಳಿತಿದ್ದ.

ಹರಿಶ್ಚಂದ್ರ: ಬರುವ ಶನಿವಾರ ಕರ್ನಲ್ ಬಟನ್‌ದು ಶಿವಪುತ್ರಣ್ಣ.

ಶಿವಪುತ್ರಪ್ಪ: ಹೌದ್ರಿ.

ಹರಿಶ್ಚಂದ್ರ: ಅಥವಾ ಟಿನ್ ಟ್ರಂಪೆಟ್.

ಶಿವಪುತ್ರಪ್ಪ: ಹೌದ್ರಿ.

ಹರಿಶ್ಚಂದ್ರ: ಎರಡೂ ಹೇಗೆ ಹೌದು?

ಶಿವಪುತ್ರಪ್ಪ: ನೀವು ಹೇಳಿದ ಮ್ಯಾಲೆ ಹೌದs.

ಹರಿಶ್ಚಂದ್ರ: ಒಮ್ಮೆ ಅಲ್ಲ ಅನ್ನಿ ಮಾರಾಯ್ರೆ. ಹೊಟ್ಟೆ ದಪ್ಪ ಅನ್ನಿ, ಸೋಮಾರಿ ಅನ್ನಿ.

ಶಿವಪುತ್ರಪ್ಪ: ನಾ ಹೆಂಗ ಅನ್ನಲ್ರಿ ಅಣ್ಣಾರ? ಅದು ವೈನಿ ಡ್ಯೂಟಿ.

ಆಗ ಗಲ್ಲಿಯಲ್ಲಿ ಚಪ್ಪಲಿಯ ಸದ್ದು. ಬಾಗಿ ಮರೆತ ಭರಣಿಗಾಗಿ ವಾಪಸು ಬಂದಿದ್ದರು. ಶಿವಪುತ್ರಪ್ಪ ಎದ್ದು ದಾರಿ ಬಿಟ್ಟ. ಗಂಡನ ಕಡೆ ನೋಡದೆ ಒಳಗೆ ಬಂದು, ಭರಣಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು ಅವರು ಕಟ್ಟೆ ಹಾರಿದರು. ಒಂದು ಹನಿ ಎಣ್ಣೆ ಚೆಲ್ಲಲಿಲ್ಲ. ಬೇಲಿಯ ಆಚೆ ಅವರು, ಈಚೆ ಕುರ್ಚಿಯಲ್ಲಿ ಇವರು. ಹರಿಶ್ಚಂದ್ರ ಆ ಕಟ್ಟೆಯನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು.

ಹರಿಶ್ಚಂದ್ರ: ಬಾಗಿ, ನಿಲ್ಲು. ನೀನು ಹೀಗೆ ಹೋದರೆ ಲೆಕ್ಕಕ್ಕಿಲ್ಲ.

ಬಾಗಿ: ಲೆಕ್ಕ ನಿಮಗೇ ಬಿಟ್ಟಿದ್ದೇನಲ್ಲ.

ಹರಿಶ್ಚಂದ್ರ: ಅಲ್ಲಿ ಯಾರಾದರೂ ಕೇಳಿದರೆ ಎಂತ ಹೇಳ್ತಿ? ಸವಾರ ಎಲ್ಲಿ ಅಂತ?

ಬಾಗಿ: ಕಳವಾ ಸ್ಟೇಷನ್ ಹತ್ತಿರ ಬಿದ್ದ ಅಂತ ಹೇಳ್ತೇನೆ.

ಶಿವಪುತ್ರಪ್ಪ: ಅಣ್ಣಾರ, ಬಿದ್ದಾವ ಎದ್ದು ಮತ್ತ ಹತ್ತಬಹುದೇನ್ರಿ? ರೂಲ್ ಏನ್ ಹೇಳ್ತೈತಿ?

ಹರಿಶ್ಚಂದ್ರರಿಗೆ ಸುಳ್ಳು ಹೇಳುವ ಅವಕಾಶ ಅಷ್ಟು ಹತ್ತಿರ ಹಿಂದೆಂದೂ ಬಂದಿರಲಿಲ್ಲ. ಆದರೆ ರೇಸಿನ ವಿಷಯದಲ್ಲಿ ಅವರಿಂದ ಅದು ಆಗುವ ಕೆಲಸವಲ್ಲ.

ಹರಿಶ್ಚಂದ್ರ: ಮೊದಲು ಹತ್ತಬಹುದಿತ್ತು. ಈಗ ಕಾನೂನು ಬದಲಾಗಿದೆ. ಬಿದ್ದವ ಬಿದ್ದ ಹಾಗೆಯೇ. ಪುನಃ ಹತ್ತಲಿಕ್ಕೆ ಬಿಡುವುದಿಲ್ಲ.

ಬಾಗಿ ಭರಣಿಯನ್ನು ಎಡ ಸೊಂಟದಿಂದ ಬಲ ಸೊಂಟಕ್ಕೆ ಬದಲಾಯಿಸಿಕೊಂಡರು.

ಬಾಗಿ: ಅದು ಇಂಗ್ಲೆಂಡಿನಲ್ಲಿ. ಬನ್ನಿ.

ಹರಿಶ್ಚಂದ್ರ ಎದ್ದರು. ಟೀವಿಯನ್ನು ಚಾದರದ ಸಮೇತ ಶಿವಪುತ್ರಪ್ಪನ ಹೆಗಲಿಗೆ ಏರಿಸಿ, ಲೋಟ ಬಟ್ಟಲು ಚೀಲಕ್ಕೆ ಹಾಕಿ, ಎಣ್ಣೆ ಬಿದ್ದ ಹಾಳೆಯನ್ನು ಮಡಚಿ ಜೇಬಿಗೆ ಇಳಿಸಿ, ಕುರ್ಚಿಯನ್ನು ತಲೆಯ ಮೇಲೆ ಕವುಚಿಕೊಂಡರು. ಬಲಗಾಲು ಕಟ್ಟೆಯ ಆಚೆ ಹೋಯಿತು, ಎಡಗಾಲು ತಾಗಿತು, ಕುರ್ಚಿ ಬಾಗಿಲಿನ ದಾರಂದಕ್ಕೆ ಬಡಿಯಿತು, ಹೇಗೋ ದಾಟಿದರು.

ಶಿವಪುತ್ರಪ್ಪ: ಬಂದ್ರು ನೋಡ್ರಿ ವೈನಿ, ಗ್ರೇ ಪಾರ್ಸನ್.

ಬಾಗಿ: ಎರಡು ಕಂತಿನಲ್ಲಿ.

ಗಲ್ಲಿಯ ತುದಿಯಲ್ಲಿ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ಬಾಗಿ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಡ್ರೈವರನ ಪಕ್ಕ, ಮಗನ ಜೊತೆ ಕುಳಿತರು. ಇನ್ನೊಬ್ಬರಿಗೆ ಅಲ್ಲಿ ಜಾಗವಿರಲಿಲ್ಲ. ಹರಿಶ್ಚಂದ್ರ ಹಿಂದೆ, ಹಾಸಿಗೆಯ ಸುರುಳಿಯ ಮೇಲೆ, ಕಾಲು ಎರಡೂ ಬದಿಗೆ ಇಳಿಬಿಟ್ಟು ಕುಳಿತು ಮಂಚಕ್ಕೆ ಕಟ್ಟಿದ ಹಗ್ಗವನ್ನು ಹಿಡಿದುಕೊಂಡರು.

ಹರಿಶ್ಚಂದ್ರ: ಬಾಗಿ, ಅಲ್ಲಿ ಲಿಫ್ಟಿನಲ್ಲಿ ನನ್ನ ಮಾತು ಯಾರೂ ಕೇಳದಿದ್ದರೆ?

ಬಾಗಿ: ನಾನು ಬಯ್ಯುತ್ತೇನಲ್ಲ, ಸಾಲದಾ? ಈಗ ಬಾಯಿ ಮುಚ್ಚಿ ಹಗ್ಗ ಗಟ್ಟಿ ಹಿಡ್ಕೊಳ್ಳಿ. ಸೀವುಡ್ಸ್‌ವರೆಗೆ ತುಂಬ ಸ್ಪೀಡ್ ಬ್ರೇಕರ್ ಉಂಟು. ಬಿದ್ದರೆ ನಾನು ನಿಲ್ಲುವುದಿಲ್ಲ.